ಚಿತ್ರ ಹೋಲಬಾರದು

ನನ್ನ ಮೈದುನ ರಾಷ್ಟ್ರೀಯ ಉದ್ಯಾನದ ಕಾವಲುಗಾರ. ನಾನು ಅಡುಗೆ ಮಾಡುವ ಅಲ್ಲಿನ ಅತಿಥಿಗೃಹದಲ್ಲಿ ತಿಂಗಳುಗಟ್ಟಲೆ ಉಳಿದು ಚಿತ್ರ ಬರೆಯುವ ಕಲಾವಿದರನ್ನು ಕಂಡರೆ ಅವನಿಗೆ ಮೈಯೆಲ್ಲ ಅನುಮಾನ. ಬಣ್ಣದ ಡಬ್ಬಿಗಳನ್ನು ಮೂಸುತ್ತಾನೆ, ಚೀಲ ಎತ್ತಿ ಭಾರ ನೋಡುತ್ತಾನೆ, ಅವರು ಪೆನ್ಸಿಲ್ ಹಿಡಿದರೆ ಬೆನ್ನ ಹಿಂದೆ ನಿಂತು ಕೆಮ್ಮುತ್ತಾನೆ. ಮರ ಮರದ ಹಾಗೇ ಬಂದರೆ ಮುಖ ಗಂಟಿಕ್ಕುತ್ತಾನೆ. ಮರವೋ ಮೋಡವೋ ತಿಳಿಯದ ಹಾಗೆ ಬಳಿದವರಿಗೆ ಮಾತ್ರ ನನ್ನಿಂದ ಇನ್ನೊಂದು ಲೋಟ ಚಹಾ ಮಾಡಿಸಿ ಕೊಡುತ್ತಾನೆ. “ಚಿತ್ರದ ವಿಷಯ ನಿಂಗೇನೋ ಗೊತ್ತು?” ಎಂದು ರೇಗಿಸಿದರೆ, “ಸುಮ್ನಿರಿ ಅತ್ತಿಗೆ, ಚೆನ್ನಾಗಿ ಬರೆಯೋರೇ ಅಪಾಯ” ಎನ್ನುತ್ತಾನೆ. ಮೊನ್ನೆ ಒಬ್ಬಾಕೆ ಹೊಳೆದಂಡೆಯ ದೊಡ್ಡ ಬಂಡೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಳು. ಇವನು ಕೈಮುಗಿದು, “ಆ ಬಂಡೆ ಅಳಿಸಿಬಿಡಿ ತಾಯಿ” ಎಂದ. “ಯಾಕಪ್ಪ, ಚೆನ್ನಾಗಿಲ್ವಾ?” ಎಂದಳು ಆಕೆ. “ತುಂಬಾ ಚೆನ್ನಾಗಿದೆ, ಅದಕ್ಕೇ. ಅದರ ಹಿಂದೆ ಚಿರತೆ ಮರಿ ಹಾಕಿದೆ. ಹೋದ ಸಲ ಇಂಥದೇ ಚಿತ್ರ ನೋಡ್ಕೊಂಡು ಬೇಟೆಯೋರು ಬಂದು ತಾಯಿನ ಕೊಂದ್ರು. ಹಸಿದು ಸತ್ತ ಮರಿಗಳನ್ನ ಹೂತವನು ನಾನು.” ಆಕೆ ಬಂಡೆಯ ಮೇಲೆ ಬಣ್ಣ ಬಳಿದು, ಅಲ್ಲಿ ಇಲ್ಲದ ಮರಗಳನ್ನು ನಿಲ್ಲಿಸಿದಳು. ಮೈದುನ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. “ಈಗ ಒಂಚೂರೂ ಹೋಲಲ್ಲ” ಎಂದು ನನ್ನ ಕಡೆ ತಿರುಗಿದ, “ಅತ್ತಿಗೆ, ಇವರಿಗೆ ಇನ್ನೊಂದು ಲೋಟ ಚಹಾ.”