ಬಲಕ್ಕೆ, ಡೆಸ್

ಬೆರಿಲ್ ಕಾಟಮ್‌ಗೆ ಈ ಸಲ ಫ್ರಾನ್ಸಿಗೆ ಹೋಗುವ ಮನಸ್ಸೇ ಇರಲಿಲ್ಲ. ಮೊಣಕಾಲು ಹಿಂಡುತ್ತಿತ್ತು, ಚಳಿ ಬೇರೆ. ಆದರೆ ಡಿಸೆಂಬರ್ ಬಂತೆಂದರೆ ಗಂಡ ಡೆಸ್ಮಂಡ್ ತನ್ನ ಮನೆಗಾಡಿಯನ್ನು ತೊಳೆದು ಒರೆಸಿ ಬಾಗಿಲ ಮುಂದೆ ನಿಲ್ಲಿಸಿಬಿಡುತ್ತಿದ್ದ. ಹಾಸಿಗೆ, ಒಲೆ, ಕಕ್ಕಸು ಎಲ್ಲವೂ ಒಳಗೇ ಇದ್ದ ಆ ಗಾಡಿಯನ್ನು ಡೋವರ್ ಬಂದರಿನಲ್ಲಿ ಹಡಗು ಹತ್ತಿಸಿ, ಆಚೆ ದಡದಿಂದ ವೈನು, ಚಾಕೊಲೇಟು, ಸಾಸಿವೆ ಗೊಜ್ಜು ಹೊತ್ತು ತಂದರೇನೇ ಅವನಿಗೆ ಕ್ರಿಸ್‌ಮಸ್. ಅದೆಲ್ಲ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದ.

ಆಚೆ ದಡದಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತವೆ. ಜನ್ಮವಿಡೀ ಎಡಗಡೆ ಬಸ್ಸು ಓಡಿಸಿದ ಕೈ ಡೆಸ್ಮಂಡನದು. ಅದಕ್ಕೇ ಮೊದಲ ಪ್ರಯಾಣದಿಂದಲೂ, ಎಲ್ಲಿಂದ ಗಾಡಿ ಹೊರಡಿಸಿದರೂ ಬೆರಿಲ್ "ಬಲಕ್ಕೆ, ಡೆಸ್" ಎನ್ನುತ್ತಿದ್ದಳು. "ಗೊತ್ತು ಕಣೇ, ಗೊತ್ತು" ಎಂದು ಅವನು ಗೊಣಗುತ್ತಿದ್ದ. ಅದು ಅವರಿಬ್ಬರ ತಮಾಷೆಯಾಗಿತ್ತು. ಕಳೆದ ವರ್ಷದಿಂದ ಅವನು ಗೊಣಗುವುದನ್ನು ಬಿಟ್ಟಿದ್ದ. ಅವಳ ಬಾಯಿಂದ ಮಾತು ಬೀಳುವವರೆಗೆ ಸ್ಟೀರಿಂಗ್ ಹಿಡಿದು ಸುಮ್ಮನೆ ಕಾಯುತ್ತಿದ್ದ. ಯಾವ ಕಡೆ ಎಂಬುದೇ ಅವನಿಗೆ ಮರೆಯುತ್ತಿದೆ ಎಂದು ಬೆರಿಲ್‌ಗೆ ಹೊಳೆದದ್ದು ಆಗ.

ಇದೇ ಕೊನೆ, ಗಾಡಿ ಮಾರೋಣ ಎಂದು ಈ ಸಲ ಹೇಳಿಯೇಬಿಡಬೇಕು ಅಂದುಕೊಂಡು ಬಂದಿದ್ದಳು. ಎರಡನೆಯ ದಿನವೂ ಮಾತು ಗಂಟಲಲ್ಲೇ ಉಳಿದಿತ್ತು. ಬಸ್ಸಿಗೆ ಒಂದು ಗೀರೂ ಬೀಳಿಸದ ಮನುಷ್ಯನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುವ ಧೈರ್ಯ ಯಾವ ಹೆಂಡತಿಗೆ ಬರುತ್ತದೆ?

ಮರಳುವ ದಿನ ಮಧ್ಯಾಹ್ನ ಕೊನೆಯ ಅಂಗಡಿ ಮುಗಿಸುವಷ್ಟರಲ್ಲಿ ಬೆರಿಲ್ ಹಣ್ಣುಗಾಯಿ ನೀರುಗಾಯಿ ಆಗಿದ್ದಳು. ಸೀಟಿನಲ್ಲಿ ಕೂತು ಬೂಟು ಸಡಿಲಿಸಿದ್ದೇ, ಹೀಟರಿನ ಬಿಸಿಗೆ ಕಣ್ಣು ಎಳೆದುಕೊಂಡು ಹೋಯಿತು.

ಬ್ರೇಕಿನ ಕಿರುಚಾಟಕ್ಕೆ ಎಚ್ಚರವಾದಾಗ ಎದುರಿಗೇ ಒಂದು ಬ್ರೆಡ್ಡಿನ ವ್ಯಾನು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಿಂದೆ ಬಾಟಲಿಗಳು ಗಡಗಡನೆ ಉರುಳಿದವು. ವ್ಯಾನಿನವನು ಇಳಿದು ಬಂದು ನಂಬರ್ ಫಲಕ ನೋಡಿದ. "ಓ, ಇಂಗ್ಲಿಷರಾ!" ಎಂದು ತಲೆ ಚಚ್ಚಿಕೊಂಡು ಹೊರಟುಹೋದ.

ಡೆಸ್ಮಂಡ್ ಗಾಡಿಯನ್ನು ಪಕ್ಕಕ್ಕೆ ಹಾಕಿದ. "ನೀನು ಹೇಳಲೇ ಇಲ್ಲ" ಎಂದ.

ಬೆರಿಲ್‌ಗೆ ರೇಗಿಹೋಯಿತು. "ಹೇಳ್ಲಿಲ್ಲ! ಎಷ್ಟೂಂತ ಹೇಳ್ಲಿ? ನಿನ್ನ ಕಣ್ಣು ನಾನು, ನಿನ್ನ ತಲೆ ನಾನು. ನಂಗೂ ಸುಸ್ತಾಗತ್ತೆ ಕಣೋ. ಒಂದು ಗಳಿಗೆ ಕಣ್ಮುಚ್ಚೋ ಹಾಗಿಲ್ವಾ?"

ಅವನು ಹಿಂದಕ್ಕೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟ. ಆಕಾಶವೇ ಕಳಚಿ ಬಿದ್ದರೂ ಅವರ ಜನ ಮೊದಲು ಮಾಡುವುದು ಅದನ್ನೇ.

"ಯಾವಾಗಿಂದ ಗೊತ್ತು ನಿಂಗೆ?" ಲೋಟ ಕೊಡುತ್ತ ಕೇಳಿದ.

"ಹೋದ ವರ್ಷದಿಂದ."

"ನಂಗೆ ಅದಕ್ಕಿಂತ ಮೊದ್ಲೇ. ನೀನು ಹೇಳ್ತೀಯಲ್ಲ, ಸಾಗತ್ತೆ ಅಂದ್ಕೊಂಡೆ." ಹೊರಗೆ ಮಂಜು ಇಳಿಯುತ್ತಿತ್ತು. ಅವನು ಜೇಬಿನಿಂದ ಕೀಲಿ ತೆಗೆದು ಅವಳ ಲೋಟದ ಪಕ್ಕ ಇಟ್ಟ. "ಮನೆಗೆ ನೀನೇ ಕರ್ಕೊಂಡು ಹೋಗು. ಹೊಸ ವರ್ಷಕ್ಕೆ ಮಾರೋಣ."

ತಾನೇ ಹೇಳಬೇಕೆಂದಿದ್ದ ಮಾತು ಅವನ ಬಾಯಲ್ಲಿ ಕೇಳಿ ಅವಳಿಗೆ ಚಹಾದ ರುಚಿಯೇ ತಿಳಿಯಲಿಲ್ಲ.

ಅವಳು ಸೀಟನ್ನು ಮುಂದಕ್ಕೆ ಎಳೆದು ಕೂತಳು. ಗಾಡಿ ಹೊರಟಾಗ ಪಕ್ಕದಿಂದ ಮೆಲ್ಲಗೆ ಕೇಳಿಸಿತು: "ಬಲಕ್ಕೆ, ಬೆರಿಲ್." ಬಂದರು ಮುಟ್ಟುವವರೆಗೆ ಪ್ರತಿ ತಿರುವಿನಲ್ಲೂ ಅವನು ಅದನ್ನು ಹೇಳಿದ, ಒಂದನ್ನೂ ತಪ್ಪಿಸಲಿಲ್ಲ.

ಡೋವರ್‌ನಲ್ಲಿ ಹಡಗಿನಿಂದ ಇಳಿಯುವಾಗ ಮಳೆ ಹನಿಯುತ್ತಿತ್ತು. ಡೆಸ್ಮಂಡ್ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, "ಇನ್ನು ಎಡಕ್ಕೆ" ಎಂದ.

"ಗೊತ್ತು ಕಣೋ, ಗೊತ್ತು" ಎಂದಳು ಬೆರಿಲ್. ಅವಳಿಗೆ ರಸ್ತೆ ಮಂಜುಮಂಜಾಗಿ ಕಾಣುತ್ತಿತ್ತು.