ಬ್ಯಾಡಗಿ ಕಾಯಿ ತಿಂದ ಮೀನುಗಳು

ಕರಾವಳಿಯ ಕಡಲಜೀವಿ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಕೆಲಸಕ್ಕೆ ಸೇರಿದಾಗ, ಅವ್ವ ಬ್ಯಾಡಗಿಯ ನಮ್ಮ ಓಣಿಯಲ್ಲಿ ಹೇಳಿದ್ದು ಇಷ್ಟೇ: ‘ಮಗಳು ನೌಕರಿ ಮಾಡತಾಳ್ರಿ.’ ಎಂಥ ನೌಕರಿ ಎಂದವರಿಗೆ ಚಹಾ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ಮೀನು ಮುಟ್ಟದ ಮನೆತನ ನಮ್ಮದು. ನನ್ನ ಕ್ವಾರ್ಟರ್ಸಿಗೆ ಬಂದರೂ ರೊಟ್ಟಿ ಗಂಟು, ನೀರಿನ ಬಾಟಲಿ ಊರಿನಿಂದಲೇ ತರುತ್ತಿದ್ದಳು. ನಾನು ಅಡುಗೆ ಮಾಡಿ, ಕಾದು, ಆರಿದ ಅನ್ನವನ್ನು ಒಬ್ಬಳೇ ಉಣ್ಣುತ್ತಿದ್ದೆ. ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನಮ್ಮ ಕೇಂದ್ರ ಶುರುವಾದದ್ದು ಬಂದರಿನ ಪಕ್ಕದ ಹೆಂಚಿನ ಶೆಡ್ಡಿನಲ್ಲಂತೆ. ದೋಣಿಗಳು ತಂದ ಮೀನನ್ನು ಅಳೆದು ತೂಗುವುದೇ ಆಗಿನ ಕೆಲಸ. ಈಗ ಹವಳದ ಬಂಡೆಗಳನ್ನು ಜನ ಬರಿದು ಮಾಡಬಾರದೆಂದು ಅಲಂಕಾರದ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುತ್ತೇವೆ. ನನ್ನ ಪಾಲಿಗೆ ಬಂದದ್ದು ಬಿಳಿ ಪಟ್ಟೆಯ ಕ್ಲೌನ್ ಮೀನು. ಕಡಲಲ್ಲಿ ಅದಕ್ಕೆ ಕೆಂಡದ ಬಣ್ಣ. ನನ್ನ ತೊಟ್ಟಿಯಲ್ಲಿ ಹುಟ್ಟಿದವೋ, ನೀರುಮಜ್ಜಿಗೆಯ ಹಾಗೆ ಬಿಳಿಚಿಕೊಂಡಿದ್ದವು. ಇಂಥವನ್ನು ಯಾರು ಮನೆಗೆ ಒಯ್ದಾರು?

ಮೀನಿಗೆ ಕೆಂಪು ಬರುವುದು ತಿನ್ನುವ ಆಹಾರದಿಂದ. ಕೆಂಪು ಎಂದರೆ ನನಗೆ ನೆನಪಾಗುವುದು ಒಂದೇ, ನಮ್ಮ ಅಂಗಳದಲ್ಲಿ ಹರವಿದ ಮೆಣಸಿನಕಾಯಿ. ಅವ್ವನಿಗೆ ಫೋನ್ ಹಚ್ಚಿದೆ.

‘ಏ ಹುಚ್ಚಿ! ಮೂಕಪ್ರಾಣಿಗೆ ಖಾರ ತಿನಿಸಿ ಕೊಲ್ತೀಯೇನ?’

‘ನಮ್ಮ ಕಾಯಿ ಖಾರ ಎಲ್ಲೈತಿ ಬೇ? ಬಣ್ಣ ಅಷ್ಟ. ಬೀಜ ತಗದು, ಸಣ್ಣಗ ಕುಟ್ಟಿ ಕಳಸು.’

ಅವ್ವ ದನಿ ತಗ್ಗಿಸಿ ಕೇಳಿದಳು, ‘ಕಡೀಕ ಅವನ್ನ ಯಾರರ ತಿಂತಾರೇನ?’

‘ಇಲ್ಲವ್ವ. ಗಾಜಿನ ಪೆಟಿಗ್ಯಾಗ ಇಟ್ಟು ನೋಡತಾರ.’

ಬಸ್ಸಿನಲ್ಲಿ ಡಬ್ಬಿ ಬಂತು. ಮೀನಿನ ಆಹಾರಕ್ಕೆ ಚಿಟಿಕೆ ಚಿಟಿಕೆ ಬೆರೆಸಿದೆ. ದಿನಾ ಬೆಳಿಗ್ಗೆ ಮೊದಲು ತೊಟ್ಟಿಯ ಹತ್ತಿರ ಹೋಗಿ ಮೀನು ಎಣಿಸುತ್ತಿದ್ದೆ. ಒಂದೂ ಸಾಯಲಿಲ್ಲ. ನಿಧಾನಕ್ಕೆ, ವಾರಗಳು ಕಳೆದಂತೆ, ಕೆಂಪೇರತೊಡಗಿದವು. ಖುಷಿಗೆ ನಾನು ಒಬ್ಬಳೇ ನಕ್ಕೆ.

ಅವ್ವ ನೋಡಲು ಬಂದಳು, ರೊಟ್ಟಿ ಗಂಟಿನ ಸಮೇತ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಂದ್ರದೊಳಗೆ ಕಾಲಿಟ್ಟಳು. ಮೀನುಗಳು ತೊಟ್ಟಿಯ ಗಾಜಿನ ಹತ್ತಿರ ಓಡಿ ಬಂದವು.

‘ಅಯ್ಯ ಶಿವನ! ಖರೇನ ನಮ್ಮ ಕಾಯಿ ಬಣ್ಣ!’ ಸೆರಗು ಯಾವಾಗ ಜಾರಿತೋ ಅವಳಿಗೇ ಗೊತ್ತಿಲ್ಲ. ‘ಹಸದಾವ ನೋಡು, ಲಗೂ ಹಾಕು.’ ಆಹಾರವನ್ನು ಅವಳ ಕೈಗೇ ಕೊಟ್ಟೆ.

ಮಧ್ಯಾಹ್ನ ಮನೆಗೆ ಬಂದು, ರೂಢಿಯಂತೆ ಒಂದೇ ತಾಟು ಇಟ್ಟೆ. ಅವ್ವ ಗಂಟು ಬಿಚ್ಚಲಿಲ್ಲ.

‘ಅವು ನಮ್ಮನೀದು ಉಂಡಾವ. ನಿನ್ನ ಮನ್ಯಾಗ ಉಣ್ಣಾಕ ನನಗೇನಾಗೈತಿ? ಇನ್ನೊಂದು ತಾಟು ತಾ.’

ಅನ್ನ ಇನ್ನೂ ಬಿಸಿಯಾಗಿತ್ತು.