ಮೂಳೆ ತೊಳೆಯುವವರಿಗೂ ಮಾತು ತಲುಪಿಸಿದ ಹಿರಿಯರು

ಜಗಳವಾಡಿದ ಎರಡು ಮನೆತನಗಳ ನಡುವೆ ಮಾತು ಹೊತ್ತೊಯ್ಯುವವರು ನಮ್ಮ ಗ್ವಾಹೀರಾ ಮರಳುನಾಡಿನಲ್ಲಿ ಅನೇಕರಿದ್ದಾರೆ. ಹೊತ್ತ ಮಾತನ್ನು ದಾರಿಯಲ್ಲಿ ಚೆಲ್ಲದೆ ತಲುಪಿಸುವವರಲ್ಲಿ ಮಾತ್ರ ಮಾನ್ಯ ಒದಿಲಿಯೊ ಇಪುವಾನಾ ಅವರೇ ಮೊದಲಿಗರು. ಈ ವರ್ಷ ಅವರು ನಿವೃತ್ತರಾಗುತ್ತಿದ್ದಾರೆ, ಅವರ ಬೀಳ್ಕೊಡುಗೆಗೆ ನಾವಿಲ್ಲಿ ಸೇರಿದ್ದೇವೆ. ಅವರ ಲಾರಿ ಓಡಿಸಿದವನು ನಾನು. ಒಮ್ಮೆ ಬಿಸಿಲಿಗೆ ಲಾರಿಯ ನೆರಳೇ ಕರಗಿ ಚಕ್ರಕ್ಕೆ ಅಂಟಿಕೊಂಡಿತ್ತು ಎಂದರೆ ಜನ ನಂಬುವುದಿಲ್ಲ, ಮುಂದಿನದನ್ನಾದರೂ ನಂಬಬೇಕು.

ಹಟಮಾರಿಗಳ ಜೊತೆ ಮಾತುಕತೆ ಸಾಧ್ಯವೇ ಎಂದು ಕೇಳುವವರಿಗೆ ನಾನು ತಾರ್ಸಿಸಿಯೊ ಅವರ ಸಂಗತಿ ಹೇಳುತ್ತೇನೆ. ಕುದುರೆ ಪಂದ್ಯದ ಗಲಾಟೆಯಲ್ಲಿ ನನ್ನ ಅಕ್ಕನ ಮಗ ಹಾಸಿಂತೊ ಬೀಸಿದ ಕವಣೆಕಲ್ಲು ತಾರ್ಸಿಸಿಯೊ ಅವರ ಸೋದರಳಿಯನ ಒಂದು ಕಣ್ಣು ಕಳೆಯಿತು. ನೊಂದವರು ಮಾತು ಕಳಿಸಿ ಪರಿಹಾರ ಕೇಳುವುದು ನಮ್ಮಲ್ಲಿ ವಾಡಿಕೆ. ತಾರ್ಸಿಸಿಯೊ ಕಳಿಸಲಿಲ್ಲ, ಬಂದೂಕಿಗೆ ಎಣ್ಣೆ ಹಚ್ಚಿದರು. ಹಾಸಿಂತೊನ ಜೀವ ಉಳಿಯಲೆಂದು ನಾವೇ ಒದಿಲಿಯೊ ಅವರನ್ನು ಕಳಿಸಿದೆವು. ನಾನು ಲಾರಿಯಿಂದ ಇಳಿಯಲಿಲ್ಲ.

"ಮೇಕೆ, ಹವಳದ ಸರ, ಹೇಸರಗತ್ತೆ, ಏನ್ ಬೇಕೋ ಕೇಳು ತಮ್ಮಾ," ಎಂದರು ಒದಿಲಿಯೊ.

"ಸಮುದ್ರ ತಗೊಂಬಾ ಮುದುಕಾ! ಅಂಗಳದಲ್ಲಿ ಸುರಿ. ಆಮೇಲೆ ಮಾತು!"

"ಆಗ್ಲಿ, ಅವರಿಗೆ ಹೇಳ್ತೀನಿ."

ಬಂದು ನಮಗೆ ಹೇಳಿದರು, ಮತ್ತೆ ಹೋದರು. ಆ ಸಲ ತಾರ್ಸಿಸಿಯೊ ಬೈದರು. ಬೈಗುಳ ಹೊರುವುದು ಮಾತೊಯ್ಯುವವರ ಧರ್ಮವಲ್ಲವಾದ್ದರಿಂದ ಒದಿಲಿಯೊ ಅದನ್ನು ಅಲ್ಲೇ ಬಿಟ್ಟು ಬಂದರು. ಲಾರಿಯ ಕಿಟಕಿಯಿಂದ ನನಗೆ ಪೂರ್ತಿ ಕೇಳಿಸಿತ್ತು, ಅದು ಬೇರೆ ಮಾತು.

ಮೂರನೆಯ ಸಲ ಒದಿಲಿಯೊ ಪರಿಹಾರದ ಮಾತೇ ಎತ್ತಲಿಲ್ಲ.

"ಸರಿ, ಯುದ್ಧ ಅಂತ್ಲೇ ಇಟ್ಕೋ. ಗುಂಡು ಹಾರೋವಾಗ ಹೆಣ ಎತ್ತೋರು ಹೆಂಗಸ್ರು, ವರ್ಷಗಳಾದ್ಮೇಲೆ ಗೋರಿ ತೆಗೆದು, ಮೂಳೆ ತೊಳೆದು ಮತ್ತೆ ಹೂಳೋರೂ ಅವ್ರೇ. ನಿನ್ನ ಮೂಳೆ ತೊಳೆಯೋರು ಯಾರು, ಹೇಳು. ಅವ್ರಿಗೂ ಈ ಮಾತು ತಲುಪಿಸ್ಬೇಕಲ್ಲ ನಾನು."

ತಾರ್ಸಿಸಿಯೊ ಬಾಯಿ ತೆರೆಯುವಷ್ಟರಲ್ಲಿ ಅವರ ತಂಗಿ, ಕಣ್ಣು ಕಳೆದುಕೊಂಡ ಹುಡುಗನ ತಾಯಿ ಎರ್ಮೆಲಿಂದಾ, ಅಡುಗೆಯ ಚಪ್ಪರದಿಂದ ಸೌಟು ಹಿಡಿದೇ ಹೊರಬಂದರು.

"ನಾನಂತೂ ತೊಳೆಯಲ್ಲ! ಅವ್ನಿಗೆ ಉಳಿದಿರೋದು ಒಂದೇ ಕಣ್ಣು, ಅದ್ರಲ್ಲಿ ನಿನ್ನ ಹೆಣ ನೋಡ್ಬೇಕಾ? ಕಣ್ಣು ನನ್ನ ಮಗಂದು, ಮೇಕೆ ನಾನು ತಗೋತೀನಿ. ಸುಮ್ನೆ ಕೂತ್ಕೊ ಅಣ್ಣಾ!"

ತಾರ್ಸಿಸಿಯೊ ತೂಗುಜೋಲಿಯಲ್ಲಿ ಮಲಗಿ ಮುಖ ಆಚೆ ತಿರುಗಿಸಿದರು. ಒಪ್ಪಿದೆ ಎನ್ನಲಿಲ್ಲ. ಒದಿಲಿಯೊ ಅದನ್ನೂ ಇದ್ದ ಹಾಗೆಯೇ ತಂದು ನಮಗೆ ಒಪ್ಪಿಸಿದರು: "ಅವ್ರು ಒಪ್ಪಿಲ್ಲ. ಮೇಕೆ ಹೊಡ್ಕೊಂಡು ಬನ್ನಿ."

ಹೊಡೆದುಕೊಂಡು ಹೋದೆವು. ಹಾಸಿಂತೊ ಇಂದು ಈ ಸಮಾರಂಭದ ಅಡುಗೆಗೆ ಮಾಂಸ ಕೊಯ್ಯುತ್ತಿದ್ದಾನೆ. ತಾರ್ಸಿಸಿಯೊ ಅವರೂ ಊಟಕ್ಕೆ ಬಂದಿದ್ದಾರೆ; ಇನ್ನೂ ಒಪ್ಪಿಲ್ಲ. ಅವರು ಒಪ್ಪುವವರೆಗೂ ನಮ್ಮ ಒದಿಲಿಯೊ ಅವರ ಆಯುಸ್ಸು ಬೆಳೆಯುತ್ತಲೇ ಇರಲಿ.